ಊರಿನ ಕಾಯಿಲೆಗೆ ಕೊಳಚೆ ನೀರಿನ ಸಾಕ್ಷ್ಯ

ವಿದ್ಯಾರಣ್ಯಪುರದಲ್ಲಿ ವಾಸವಾಗಿರುವ ನೀವು ಬೆಳಿಗ್ಗೆ ಎದ್ದು, ಸ್ನಾನ ಮುಗಿಸಿ, ಕಾಫಿಗೆ ಕೂರುವ ಹೊತ್ತಿಗೆ ಮನೆಯಿಂದ ಏನಿಲ್ಲವೆಂದರೂ ಹತ್ತಾರು ಬಿಂದಿಗೆ ನೀರು ಹೊರಗೆ ಹೋಗಿರುತ್ತದೆ. ಎಲ್ಲಿಗೆ ಹೋಯಿತೆಂದು ನಾವು ಯಾರೂ ಕೇಳುವುದಿಲ್ಲ. ಕಣ್ಮರೆಯಾಯಿತಲ್ಲ, ಅಷ್ಟೇ ಸಾಕು. ಆದರೆ ಆ ನೀರಿಗೊಂದು ದಾರಿಯುಂಟು. ಮನೆಯ ಕೊಳವೆಯಿಂದ ಬೀದಿಯ ಕೊಳವೆಗೆ, ಅಲ್ಲಿಂದ ಇಳಿಜಾರು ಹಿಡಿದು ಇನ್ನೂ ದೊಡ್ಡ ಕೊಳವೆಗೆ ಅದು ಸಾಗುತ್ತದೆ. ನಗರದ ಉತ್ತರಭಾಗದ ನೀರು ಹೆಚ್ಚಾಗಿ ಇಳಿಯುವುದು ಹೆಬ್ಬಾಳದ ಕಣಿವೆಗೆ. ಹೆಬ್ಬಾಳ, ಯಲಹಂಕ, ಜಕ್ಕೂರುಗಳಲ್ಲಿ ಕೊಳಚೆ ನೀರನ್ನು ಶುದ್ಧಿಮಾಡುವ ಘಟಕಗಳಿವೆ. ನಿಮಗೆ ತೀರ ಹತ್ತಿರದ ದೊಡ್ಡಬೊಮ್ಮಸಂದ್ರದ ಕೆರೆಯ ಬಳಿ, ದಿನಕ್ಕೆ ಒಂದು ಕೋಟಿ ಲೀಟರ್ ನೀರನ್ನು ತಿಳಿಮಾಡಬಲ್ಲ ಘಟಕವೊಂದನ್ನು ಬಿ.ಇ.ಎಲ್. ಕಾರ್ಖಾನೆಯವರು ಕಟ್ಟಿಸಿದ್ದಾರೆ.

ಈ ನೀರು ಹೊಲಸನ್ನು ಮಾತ್ರ ಹೊತ್ತು ಹೋಗುವುದಿಲ್ಲ, ಸುದ್ದಿಯನ್ನೂ ಹೊತ್ತು ಹೋಗುತ್ತದೆ. ಊರಿನಲ್ಲಿ ಯಾವ ರೋಗ ಹಬ್ಬುತ್ತಿದೆ, ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದನ್ನು ಅದು ಒಮ್ಮೊಮ್ಮೆ ಆಸ್ಪತ್ರೆಗಿಂತ ಮೊದಲೇ ಹೇಳಿಬಿಡುತ್ತದೆ. ಕೇಳಲು ಅಸಹ್ಯವೆನಿಸಬಹುದು. ಆದರೂ ಈ ವಿದ್ಯೆಯ ಚರಿತ್ರೆ ಸ್ವಾರಸ್ಯವಾದದ್ದು. ಅದರ ಒಂದು ಮುಖ್ಯ ಅಧ್ಯಾಯ ನಡೆದದ್ದು ನಮ್ಮ ಬೆಂಗಳೂರಿನಲ್ಲೇ.

ರೋಗ ಬಂದಿದೆಯೆಂದು ಊರಿಗೆ ಮೊದಲು ತಿಳಿಸುವವರು ಯಾರು? ವೈದ್ಯರು ಎನ್ನುವಿರಿ. ನಮ್ಮ ಅಜ್ಜ ಅಜ್ಜಿಯರನ್ನು ಕೇಳಿದ್ದರೆ ಇಲಿ ಎನ್ನುತ್ತಿದ್ದರು. 1898ರ ಆಗಸ್ಟ್ ತಿಂಗಳಲ್ಲಿ ಪ್ಲೇಗು ಬೆಂಗಳೂರನ್ನು ಹೊಕ್ಕಿತು. ಎರಡು ವರ್ಷ ಮೊದಲು ಮುಂಬಯಿಯಲ್ಲಿ ಕಾಣಿಸಿಕೊಂಡಿದ್ದ ಪಿಡುಗು ಅದು. ಅಟ್ಟದಿಂದ ಇಲಿ ಬಿದ್ದು ಸತ್ತರೆ ಮನೆ ಬಿಡಬೇಕು, ಊರ ಹೊರಗೆ ಗುಡಿಸಲು ಹಾಕಿಕೊಳ್ಳಬೇಕು ಎಂಬುದು ಹಳ್ಳಿ ಹಳ್ಳಿಯೂ ಕಲಿತ ಪಾಠವಾಯಿತು. ಏಕೆ ಎಂಬುದು ಜನರಿಗೆ ತಿಳಿದಿರಲಿಲ್ಲ. ಇಲಿಯಿಂದ ಮನುಷ್ಯನಿಗೆ ರೋಗ ದಾಟುವುದು ಚಿಗಟದ ಮೂಲಕ ಎಂದು ಪಾಲ್ ಲೂಯಿ ಸಿಮೋ ಎಂಬ ಫ್ರೆಂಚ್ ವೈದ್ಯ ಕರಾಚಿಯಲ್ಲಿ ಪ್ರಯೋಗ ಮಾಡಿ ಕಂಡುಕೊಂಡದ್ದು ಅದೇ 1898ರಲ್ಲಿ. ಅದನ್ನು ಜಗತ್ತು ಒಪ್ಪಲು ಇನ್ನೂ ಹಲವು ವರ್ಷ ಬೇಕಾದವು. ಕಾರಣ ತಿಳಿಯದೆಯೇ ಸೂಚನೆಯನ್ನು ನಂಬಿ ನಡೆದವರು ಬದುಕಿಕೊಂಡರು.

1957ರಲ್ಲಿ ಇಂಥದೇ ಸೂಚನೆ ಮಲೆನಾಡಿನಲ್ಲಿ ಬಂತು. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸುತ್ತಣ ಹಳ್ಳಿಗಳ ಜನರಿಗೆ ಜ್ವರ ಬಂತು. ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಬಂದು ನೋಡಿ, ಅದು ಉಣ್ಣೆಯಿಂದ ಹರಡುವ ಹೊಸದೊಂದು ವೈರಸ್ ಎಂದು ಪತ್ತೆಹಚ್ಚಿದರು. ಇಂದಿಗೂ ಮಲೆನಾಡಿನಲ್ಲಿ ಮಂಗ ಸತ್ತಿತೆಂದರೆ ಆರೋಗ್ಯ ಇಲಾಖೆಗೆ ಸುದ್ದಿ ಹೋಗುತ್ತದೆ.

ಇಲಿ, ಮಂಗಗಳಂತೆ ಚರಂಡಿಯೂ ಒಂದು ಸೂಚಕವಾಗಬಹುದೆಂದು ಹೊಳೆದದ್ದು ಹೇಗೆ? ಇದರ ಬೇರು ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿದೆ. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟಿನ ಕೈಪಂಪಿನ ನೀರಿಗೂ ಕಾಲರಾ ರೋಗಕ್ಕೂ ನಂಟು ಕಟ್ಟಿದ ಜಾನ್ ಸ್ನೋ ಅವರ ಹೆಸರನ್ನು ನೀವು ಕೇಳಿರಬಹುದು. ಅಷ್ಟು ಪ್ರಸಿದ್ಧರಲ್ಲದ ಇನ್ನೊಬ್ಬ ವೈದ್ಯರಿದ್ದರು, ಬ್ರಿಸ್ಟಲಿನ ವಿಲಿಯಂ ಬಡ್. ವಿಷಮಶೀತಜ್ವರದ, ಎಂದರೆ ಟೈಫಾಯ್ಡಿನ, ವಿಷ ರೋಗಿಯ ಮಲದಲ್ಲಿರುತ್ತದೆಂದು ಅವರು ವಾದಿಸಿದರು. ಊರಿನ ಚರಂಡಿಯನ್ನು ರೋಗಿಯ ಕರುಳಿನದೇ ಮುಂದುವರಿಕೆ ಎಂಬಂತೆ ನೋಡಬೇಕೆಂಬುದು ಅವರ ಅಭಿಪ್ರಾಯ. ಆಗಿನ್ನೂ ಆ ರೋಗದ ಕ್ರಿಮಿಯನ್ನು ಯಾರೂ ಕಣ್ಣಲ್ಲಿ ಕಂಡಿರಲಿಲ್ಲವೆಂಬುದನ್ನು ನೆನೆದರೆ ಬಡ್ ಅವರ ಬುದ್ಧಿಗೆ ತಲೆದೂಗಬೇಕು.

ಬಡ್ ಅವರ ಮಾತಿನಿಂದ ಒಂದು ಉಪಾಯ ಹುಟ್ಟಲು ಮುಕ್ಕಾಲು ಶತಮಾನವೇ ಹಿಡಿಯಿತು. 1940ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಮೂರ್ ಎಂಬ ತಜ್ಞರು ಗಾಯಕ್ಕೆ ಕಟ್ಟುವ ತೆಳುಬಟ್ಟೆಯನ್ನು ಸುರುಳಿ ಸುತ್ತಿ, ದಾರ ಕಟ್ಟಿ, ಚರಂಡಿಯೊಳಗೆ ಇಳಿಬಿಟ್ಟರು. ಕೆಲವು ದಿನ ಬಿಟ್ಟು ಎತ್ತಿ ಪರೀಕ್ಷಿಸಿದರೆ ಪ್ಯಾರಾಟೈಫಾಯ್ಡಿನ ಕ್ರಿಮಿಗಳು ಬಟ್ಟೆಗೆ ಅಂಟಿಕೊಂಡಿರುತ್ತಿದ್ದವು. ಆಮೇಲೆ ಒಂದೊಂದೇ ಕವಲಿನಲ್ಲಿ ಬಟ್ಟೆ ಇಳಿಸುತ್ತ, ಕ್ರಿಮಿ ಸಿಕ್ಕಿದ ಕವಲಿನಲ್ಲಿ ಮುಂದುವರಿಯುತ್ತ ಹೋದರೆ, ತನಗೇ ತಿಳಿಯದೆ ರೋಗವನ್ನು ಹಂಚುತ್ತಿರುವ ಆರೋಗ್ಯವಂತನ ಮನೆಬಾಗಿಲಿಗೇ ತಲುಪಬಹುದಿತ್ತು. ಪತ್ತೇದಾರಿ ಕತೆಯಂತಿದೆಯಲ್ಲವೆ? ‘ಮೂರ್ ಸ್ವಾಬ್’ ಎಂದು ಈ ಬಟ್ಟೆಯ ಸುರುಳಿಗೆ ಹೆಸರೇ ಬಿತ್ತು.

ವೈರಸ್‌ಗಳ ವಿಷಯ ಇಷ್ಟು ಸುಲಭವಲ್ಲ. ಬ್ಯಾಕ್ಟೀರಿಯಾಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಬಹುದು. ವೈರಸ್ ಬೆಳೆಯಬೇಕಾದರೆ ಜೀವಂತ ಕೋಶವೇ ಬೇಕು. 1939ರಲ್ಲಿ ಅಮೆರಿಕದ ಚಾರ್ಲ್ಸ್‌ಟನ್ ಪಟ್ಟಣದಲ್ಲಿ ಪೋಲಿಯೊ ಹಬ್ಬಿದಾಗ ಯೇಲ್ ವಿಶ್ವವಿದ್ಯಾನಿಲಯದ ಜಾನ್ ಪಾಲ್ ಮತ್ತು ಜೇಮ್ಸ್ ಟ್ರಾಸ್ಕ್ ಅವರು ಅಲ್ಲಿಯ ಕೊಳಚೆ ನೀರನ್ನು ತಂದು ಕೋತಿಗಳಿಗೆ ಚುಚ್ಚಿ ನೋಡಿದರು. ಕೋತಿಗಳಿಗೆ ಪೋಲಿಯೊ ತಗಲಿತು. ಮಕ್ಕಳ ಕಾಲುಗಳನ್ನು ಕಸಿದುಕೊಳ್ಳುವ ಆ ವೈರಸ್ ಚರಂಡಿಯಲ್ಲಿದೆ ಎಂಬುದು ಹೀಗೆ ಸಿದ್ಧವಾಯಿತು. ಆ ಕಾಲದ ಅಮೆರಿಕದ ಪ್ರಯೋಗಾಲಯಗಳಿಗೆ ರೀಸಸ್ ಕೋತಿಗಳು ಹೆಚ್ಚಾಗಿ ಹೋಗುತ್ತಿದ್ದುದು ನಮ್ಮ ದೇಶದಿಂದಲೇ. 1978ರಲ್ಲಿ ಭಾರತ ಸರ್ಕಾರ ಆ ರಫ್ತನ್ನು ನಿಲ್ಲಿಸಿತು. 1949ರಲ್ಲಿ ಜಾನ್ ಎಂಡರ್ಸ್ ಮತ್ತು ಸಂಗಡಿಗರು ಪೋಲಿಯೊ ವೈರಸ್ಸನ್ನು ಗಾಜಿನ ಪಾತ್ರೆಯೊಳಗಿನ ಅಂಗಾಂಶದಲ್ಲಿ ಬೆಳೆಸುವ ಬಗೆಯನ್ನು ಕಂಡುಹಿಡಿದ ಮೇಲೆ ಇಂಥ ಪರೀಕ್ಷೆಗೆ ಕೋತಿಗಳ ಹಂಗು ತಪ್ಪಿತು.

ಪೋಲಿಯೊ ವಿಷಯದಲ್ಲಿ ಚರಂಡಿಯ ಸಾಕ್ಷ್ಯಕ್ಕೆ ಇಷ್ಟು ಬೆಲೆ ಬರಲು ಒಂದು ಕಾರಣವಿದೆ. ವೈರಸ್ ಹೊಕ್ಕ ಇನ್ನೂರು ಜನರಲ್ಲಿ ಹೆಚ್ಚು ಕಡಿಮೆ ಒಬ್ಬರಿಗೆ ಮಾತ್ರ ಅಂಗ ಸೋಲುತ್ತದೆ. ಉಳಿದವರಿಗೆ ಸಣ್ಣ ಜ್ವರ ಬಂದು ಹೋಗಬಹುದು, ಏನೂ ಆಗದೆಯೂ ಇರಬಹುದು. ಆದರೆ ಅವರ ಮಲದಲ್ಲಿ ವೈರಸ್ ವಾರಗಟ್ಟಲೆ ಹೊರಬರುತ್ತಿರುತ್ತದೆ. ಮೊದಲ ಮಗುವಿನ ಕಾಲು ಸೋಲುವುದನ್ನು ಕಾಯುತ್ತ ಕುಳಿತರೆ, ಅಷ್ಟು ಹೊತ್ತಿಗೆ ವೈರಸ್ ನೂರಾರು ಮನೆಗಳನ್ನು ಸುತ್ತಿಬಂದಿರುತ್ತದೆ.

ನಮ್ಮ ದೇಶದಲ್ಲಿ ಈ ಕೆಲಸ 2001ರಲ್ಲಿ ಮುಂಬಯಿಯಲ್ಲಿ ಆರಂಭವಾಯಿತು. ಅಲ್ಲಿಯ ಎಂಟೆರೊವೈರಸ್ ಸಂಶೋಧನ ಕೇಂದ್ರ ಅದರ ಹೊಣೆ ಹೊತ್ತಿತು. ಆಮೇಲೆ ದೆಹಲಿ, ಪಟ್ನಾ, ಕೋಲ್ಕತಾಗಳಿಗೂ ಅದು ಹಬ್ಬಿತು. ಭಾರತದಲ್ಲಿ ಕಾಡು ಪೋಲಿಯೊ ವೈರಸ್ಸಿನಿಂದ ಕೊನೆಯ ಮಗು ಅಂಗವಿಕಲವಾದದ್ದು 2011ರ ಜನವರಿ 13ರಂದು, ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ. 2014ರ ಮಾರ್ಚ್ 27ರಂದು ನಮ್ಮ ದೇಶ ಪೋಲಿಯೊ ಮುಕ್ತವೆಂಬ ಪ್ರಮಾಣಪತ್ರ ದೊರೆಯಿತು. ಇನ್ನು ರೋಗಿಗಳಿಲ್ಲ ಎಂಬುದರ ಜೊತೆಗೆ ಚರಂಡಿಯಲ್ಲಿಯೂ ವೈರಸ್ ಸಿಗುತ್ತಿಲ್ಲವೆಂಬ ಸಾಕ್ಷ್ಯ ಕೈಯಲ್ಲಿದ್ದುದರಿಂದಲೇ ಆ ಮಾತನ್ನು ಧೈರ್ಯವಾಗಿ ಹೇಳಲು ಸಾಧ್ಯವಾಯಿತು. 2016ರಲ್ಲಿ ಹೈದರಾಬಾದಿನ ಕೊಳಚೆ ನೀರಿನಲ್ಲಿ ಲಸಿಕೆಯಿಂದ ಹುಟ್ಟಿ ರೂಪ ಬದಲಿಸಿಕೊಂಡ ಎರಡನೆಯ ಬಗೆಯ ಪೋಲಿಯೊ ವೈರಸ್ ಸಿಕ್ಕಿತು. ಯಾವ ಮಗುವೂ ಕಾಯಿಲೆ ಬಿದ್ದಿರಲಿಲ್ಲ. ಆದರೂ ತೆಲಂಗಾಣ ಸರ್ಕಾರ ಕೂಡಲೇ ಮಕ್ಕಳಿಗೆ ಲಸಿಕೆಯ ಚುಚ್ಚುಮದ್ದು ಹಾಕಿಸಿತು. 2013ರಲ್ಲಿ ಇಸ್ರೇಲಿನಲ್ಲಿ, 2022ರಲ್ಲಿ ಲಂಡನ್ನಿನಲ್ಲಿ ಇಂಥದೇ ಎಚ್ಚರಿಕೆ ಚರಂಡಿಯಿಂದ ಬಂದು, ಮಕ್ಕಳಿಗೆ ಮತ್ತೆ ಲಸಿಕೆ ಕೊಡಲಾಯಿತು.

ಈಗ ಬೆಂಗಳೂರಿಗೆ ಬರೋಣ. ನಗರದಲ್ಲಿ ಒಳಚರಂಡಿ ಆರಂಭವಾದದ್ದು 1922ರಲ್ಲಿ. ಅದಕ್ಕೆ ಮುಂಚೆ, ಅದಾದ ಮೇಲೂ ಬಹುಕಾಲ, ಮಲವನ್ನು ಮನುಷ್ಯರೇ ಹೊರುತ್ತಿದ್ದರು. ಪ್ಲೇಗಿನ ತರುವಾಯ ಬೆಳೆದ ಮಲ್ಲೇಶ್ವರದಂಥ ಬಡಾವಣೆಗಳಲ್ಲಿ ಮನೆಗಳ ಹಿಂದೆ ಇರುವ ಕನ್ಸರ್ವೆನ್ಸಿ ಓಣಿಗಳನ್ನು ನೀವು ನೋಡಿರಬಹುದು. ಆ ಓಣಿಗಳು ಇದ್ದುದು ಈ ಕೆಲಸಕ್ಕಾಗಿಯೇ. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಕರ್ನಾಟಕದಲ್ಲಿ ನಿಷೇಧಿಸಿದವರು 1970ರ ದಶಕದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು. ನೀರು ಸರಬರಾಜನ್ನೂ ಒಳಚರಂಡಿಯನ್ನೂ ಒಟ್ಟಿಗೆ ನೋಡಿಕೊಳ್ಳುವ ಜಲಮಂಡಳಿ ಹುಟ್ಟಿದ್ದು 1964ರಲ್ಲಿ. ಚರಂಡಿಯ ವಿಜ್ಞಾನವನ್ನು ಮೆಚ್ಚಿ ಮಾತನಾಡುವಾಗ, ಅದರೊಳಗೆ ಇಳಿದು ಪ್ರಾಣ ಕಳೆದುಕೊಂಡವರನ್ನು ಮರೆಯುವುದು ನ್ಯಾಯವಲ್ಲವಾದ್ದರಿಂದ ಇಷ್ಟನ್ನು ಹೇಳಬೇಕಾಯಿತು.

2020ರ ಮಾರ್ಚ್ ತಿಂಗಳಲ್ಲಿ ಕೋವಿಡ್ ಬೆಂಗಳೂರಿಗೆ ಬಂತು. ಅದು ಶ್ವಾಸಕೋಶದ ರೋಗವೆಂದು ಹೆಸರಾದರೂ, ಸೋಂಕು ತಗಲಿದ ಅನೇಕರ ಮಲದಲ್ಲಿಯೂ ವೈರಸ್ಸಿನ ಅಂಶ ಇರುತ್ತದೆಂದು ಬೇಗನೆ ತಿಳಿಯಿತು. ನೆದರ್‌ಲೆಂಡ್ಸಿನ ಅಮರ್ಸ್‌ಫೂರ್ಟ್ ಎಂಬ ಪಟ್ಟಣದಲ್ಲಿ ಒಬ್ಬ ರೋಗಿಯೂ ವರದಿಯಾಗುವ ಮೊದಲೇ ಕೊಳಚೆ ನೀರಿನಲ್ಲಿ ಅದು ಸಿಕ್ಕಿತು. ಅದೇ ವರ್ಷ ಅಹಮದಾಬಾದಿನ ಕೊಳಚೆ ನೀರಿನಲ್ಲಿ ಗಾಂಧಿನಗರದ ಐ.ಐ.ಟಿ.ಯವರು ಅದನ್ನು ಗುರುತಿಸಿದರು, ಹೈದರಾಬಾದಿನ ಸಿ.ಸಿ.ಎಂ.ಬಿ. ಸಂಸ್ಥೆಯವರು ಆ ನಗರದಲ್ಲಿ ಸೋಂಕು ಎಷ್ಟು ಹರಡಿರಬಹುದೆಂದು ಲೆಕ್ಕಹಾಕಿದರು.

2021ರ ಏಪ್ರಿಲ್ ಮತ್ತು ಮೇ ತಿಂಗಳುಗಳನ್ನು ಬೆಂಗಳೂರಿನವರು ಮರೆಯುವಂತಿಲ್ಲ. ಹಾಸಿಗೆಗಾಗಿ, ಆಮ್ಲಜನಕಕ್ಕಾಗಿ ಜನ ಇಡೀ ರಾತ್ರಿ ಫೋನ್ ಮಾಡುತ್ತಿದ್ದ ದಿನಗಳು ಅವು. ಒಂದು ವಾರ ಮೊದಲೇ, ಇಂಥ ಕಡೆ ಏರುತ್ತಿದೆ ಎಂದು ತಿಳಿದಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆ ಆಗ ಎಷ್ಟೋ ಜನರ ಮನಸ್ಸಿನಲ್ಲಿ ಎದ್ದಿತು. ಸೋಂಕು ತಗಲಿದವನು ಲಕ್ಷಣ ಕಾಣುವವರೆಗೆ ಒಂದೆರಡು ದಿನ ಕಾಯುತ್ತಾನೆ, ಶೀತವಿರಬಹುದೆಂದು ಇನ್ನೊಂದೆರಡು ದಿನ ಕಳೆಯುತ್ತಾನೆ, ಪರೀಕ್ಷೆ ಮಾಡಿಸಿ ಫಲಿತಾಂಶಕ್ಕೆ ಮತ್ತೂ ಕಾಯುತ್ತಾನೆ. ಚರಂಡಿಗೆ ಈ ಕಾಯುವಿಕೆ ಇಲ್ಲ. ಆ ವರ್ಷವೇ ನಗರದಲ್ಲಿ ಕೊಳಚೆ ನೀರಿನ ಪರೀಕ್ಷೆಗೆ ಕೈಹಾಕಿದವರಲ್ಲಿ ಸ್ವಯಂಸೇವಾ ಸಂಸ್ಥೆಗಳಿದ್ದವು, ವಿಜ್ಞಾನಿಗಳಿದ್ದರು. ಜಲಮಂಡಳಿಯೂ ಆಗಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯೂ ಕೈಜೋಡಿಸಿದವು.

ಭಾರತದ ಮೊದಲ ಎರಡು ಓಮಿಕ್ರಾನ್ ಪ್ರಕರಣಗಳು ಬೆಂಗಳೂರಿನಲ್ಲಿ ಸಿಕ್ಕಿವೆಯೆಂದು 2021ರ ಡಿಸೆಂಬರ್ 2ರಂದು ಪ್ರಕಟವಾಯಿತು. ಮರುತಿಂಗಳಿನಿಂದ, ಎಂದರೆ 2022ರ ಜನವರಿಯಿಂದ ಜೂನ್‌ವರೆಗೆ, ಟಾಟಾ ಇನ್‌ಸ್ಟಿಟ್ಯೂಟ್ ಫಾರ್ ಜೆನೆಟಿಕ್ಸ್ ಅಂಡ್ ಸೊಸೈಟಿಯ ಫರಾ ಇಶ್ತಿಯಾಕ್ ಮತ್ತು ಸಂಗಡಿಗರು ನಗರದ 28 ಶುದ್ಧೀಕರಣ ಘಟಕಗಳಿಂದ 422 ಮಾದರಿಗಳನ್ನು ತೆಗೆದು ಪರೀಕ್ಷಿಸಿದರು. ಆ ಘಟಕಗಳಿಗೆ ನೀರು ಹರಿಸುವ ಜನರ ಸಂಖ್ಯೆ ಸುಮಾರು ಒಂದು ಕೋಟಿ ಹತ್ತು ಲಕ್ಷ. ಸ್ವಲ್ಪ ಯೋಚಿಸಿ ನೋಡಿ: ಅಷ್ಟು ಜನರ ಮೂಗಿಗೆ ಕಡ್ಡಿ ಹಾಕಿ ಪರೀಕ್ಷಿಸಲು ಎಷ್ಟು ಕೈ ಬೇಕು, ಎಷ್ಟು ಹಣ ಬೇಕು! ಇಲ್ಲಿ 28 ಬಾಟಲಿ ನೀರು ಸಾಕಾಯಿತು. ಈ ಸಂಸ್ಥೆಯೂ, ಇದೇ ಕೆಲಸದಲ್ಲಿ ತೊಡಗಿದ್ದ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವೂ ಇರುವುದು ಬಳ್ಳಾರಿ ರಸ್ತೆಯ ಜಿ.ಕೆ.ವಿ.ಕೆ. ಆವರಣದ ಬಳಿ. ವಿದ್ಯಾರಣ್ಯಪುರದವರಿಗೆ ಅದು ನೆರೆಮನೆಯೆಂದೇ ಹೇಳಬೇಕು.

ನೀರಿನಲ್ಲಿ ವೈರಸ್ಸನ್ನು ಹುಡುಕುವ ಬಗೆ ಹೇಗೆ? ಮೊದಲು ಮಾದರಿಯನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ತರುತ್ತಾರೆ. ಅದನ್ನು ಬಿಸಿಮಾಡಿಯೋ ಬೇರೆ ಬಗೆಯಿಂದಲೋ ವೈರಸ್ಸನ್ನು ನಿಷ್ಕ್ರಿಯಗೊಳಿಸಿ, ಕಸವನ್ನು ಸೋಸಿ, ಉಳಿದದ್ದನ್ನು ಸಾಂದ್ರಗೊಳಿಸುತ್ತಾರೆ. ಅದರಿಂದ ವೈರಸ್ಸಿನ ಆರ್.ಎನ್.ಎ.ಯನ್ನು ಬೇರ್ಪಡಿಸಿ, ಡಿ.ಎನ್.ಎ. ಆಗಿ ಮಾರ್ಪಡಿಸಿ, ಇಮ್ಮಡಿ ಮಾಡುತ್ತ ಹೋಗುತ್ತಾರೆ. ಮೂವತ್ತು ಸಲ ಇಮ್ಮಡಿಯಾದರೆ ಒಂದೇ ಒಂದು ತುಣುಕು ನೂರು ಕೋಟಿಯನ್ನು ಮೀರುತ್ತದೆ. ಇದು ಪಿ.ಸಿ.ಆರ್. ಎಂಬ ವಿಧಾನ, ಕಂಡುಹಿಡಿದ ಕ್ಯಾರಿ ಮುಲ್ಲಿಸ್ ಅವರಿಗೆ 1993ರಲ್ಲಿ ನೊಬೆಲ್ ಪಾರಿತೋಷಕ ಬಂತು. ದೂರದ ನಿಲಯದ ಕ್ಷೀಣವಾದ ಅಲೆಯನ್ನು ನಿಮ್ಮ ರೇಡಿಯೋ ಗೊರಗೊರ ಸದ್ದಿನ ನಡುವಿನಿಂದ ಹಿಡಿದು ದೊಡ್ಡದುಮಾಡಿ ಕೇಳಿಸುತ್ತದಲ್ಲ, ಕೆಲಸ ಹೆಚ್ಚು ಕಡಿಮೆ ಅಂಥದೇ. ಎಷ್ಟು ಸಲ ಇಮ್ಮಡಿಮಾಡಿದ ಮೇಲೆ ಸಂಕೇತ ಕಂಡಿತು ಎಂಬುದರಿಂದ ಮೂಲದಲ್ಲಿ ಎಷ್ಟಿತ್ತೆಂದು ಅಂದಾಜು ಮಾಡುತ್ತಾರೆ. ಹೀಗೆ ಸಿಗುವುದು ಬಹುಮಟ್ಟಿಗೆ ವೈರಸ್ಸಿನ ಒಡೆದ ಚೂರುಗಳೇ ಹೊರತು ಜೀವಂತ ವೈರಸ್ ಅಲ್ಲ. ಆ ಚೂರುಗಳ ಅಕ್ಷರಗಳನ್ನು ಓದಿದರೆ ಯಾವ ತಳಿಯೆಂಬುದೂ ತಿಳಿಯುತ್ತದೆ. ಬೆಂಗಳೂರಿನ ನೀರು ಆ ಆರು ತಿಂಗಳಲ್ಲಿ ಜನವರಿಯ ಅಲೆಯನ್ನೂ, ಓಮಿಕ್ರಾನಿನ ಬಿ.ಎ.2 ಎಂಬ ಕವಲಿನ ಮರಿತಳಿಗಳು ಒಂದಾದ ಮೇಲೊಂದು ಬಂದುಹೋದುದನ್ನೂ ತೋರಿಸಿಕೊಟ್ಟಿತು.

ಇಲ್ಲೊಂದು ತೊಡಕಿದೆ. ಮಳೆ ಬಂದರೆ ಚರಂಡಿಯ ನೀರು ತೆಳುವಾಗುತ್ತದೆ. ವೈರಸ್ ಕಡಿಮೆಯಾದಂತೆ ಕಾಣುತ್ತದೆ. ರೋಗ ಇಳಿಯಿತೋ ಮಳೆ ಹೆಚ್ಚಾಯಿತೋ ಎಂದು ತಿಳಿಯುವುದು ಹೇಗೆ? ಇದಕ್ಕೆ ವಿಜ್ಞಾನಿಗಳು ಹುಡುಕಿದ ಉಪಾಯ ನಮ್ಮ ಅಡುಗೆಮನೆಗೆ ಸಂಬಂಧಿಸಿದ್ದು. ಮೆಣಸಿನ ಗಿಡಕ್ಕೆ ತಗಲುವ ವೈರಸ್ ಒಂದುಂಟು. ಅದು ಮನುಷ್ಯನಿಗೆ ಏನೂ ಮಾಡುವುದಿಲ್ಲ. ಮೆಣಸಿನಕಾಯಿಯ ಜೊತೆಗೆ ಹೊಟ್ಟೆ ಸೇರಿ ಹಾಗೆಯೇ ಹೊರಗೆ ಬರುತ್ತದೆ. ಜನ ದಿನವೂ ಮೆಣಸಿನಕಾಯಿ ತಿನ್ನುವುದರಿಂದ ಅದು ಚರಂಡಿಯಲ್ಲಿ ಸದಾ ಇರುತ್ತದೆ. ಮೆಣಸಿನ ವೈರಸ್ಸೂ ಕೋವಿಡ್ ವೈರಸ್ಸೂ ಎರಡೂ ಒಟ್ಟಿಗೆ ಇಳಿದಿದ್ದರೆ ಅದು ಮಳೆಯ ಕೆಲಸ. ಕೋವಿಡ್ ಮಾತ್ರ ಇಳಿದಿದ್ದರೆ ರೋಗವೇ ಇಳಿದಿದೆ. ನಾವು ಉಂಡ ಸಾರು ಹೀಗೂ ಒಂದು ಅಳತೆಗೋಲಾಗುತ್ತದೆಂದು ಯಾರು ತಾನೆ ಊಹಿಸಿದ್ದರು!

ಚರಂಡಿಯ ಲೆಕ್ಕ ನೋಡಿ ಇಷ್ಟೇ ಜನ ರೋಗಿಗಳೆಂದು ತಲೆ ಎಣಿಸಿ ಹೇಳುವವರನ್ನು ನಾನಂತೂ ಪೂರ್ತಿ ನಂಬಲಾರೆ. ಒಬ್ಬನ ಮಲದಲ್ಲಿ ವೈರಸ್ ಹೆಚ್ಚು, ಇನ್ನೊಬ್ಬನಲ್ಲಿ ಕಡಿಮೆ, ಮತ್ತೊಬ್ಬನಲ್ಲಿ ಇಲ್ಲವೇ ಇಲ್ಲ. ಏರುತ್ತಿದೆ, ಇಳಿಯುತ್ತಿದೆ, ಹೊಸ ತಳಿ ಬಂದಿದೆ ಎಂಬ ಮಟ್ಟಿಗೆ ಈ ಸಾಕ್ಷ್ಯ ಗಟ್ಟಿಯಾದದ್ದು. ಮನೆಯಲ್ಲೇ ಪರೀಕ್ಷೆ ಮಾಡಿಕೊಳ್ಳುವ ಸಾಧನಗಳು ಅಂಗಡಿಗೆ ಬಂದ ಮೇಲೆ, ಜನರು ಪರೀಕ್ಷೆಯನ್ನೇ ಬಿಟ್ಟ ಮೇಲೆ, ಸರ್ಕಾರದ ದಿನವಹಿ ಅಂಕಿಗಳಿಗಿಂತ ಇದೇ ಮೇಲಾಯಿತು.

ರೋಗಿ ತಾನಾಗಿ ಬಂದಾಗಲೂ ಲೆಕ್ಕ ತಪ್ಪುತ್ತದೆಂಬುದಕ್ಕೆ ಉತ್ತರ ಬೆಂಗಳೂರಿನದೇ ಇನ್ನೊಂದು ಉದಾಹರಣೆಯಿದೆ. ಬಳ್ಳಾರಿ ರಸ್ತೆಯಲ್ಲಿ 1959ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ವಿಚಾರಿಸಿ, 1963ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಕ್ಷಯದ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಚಿಕಿತ್ಸೆ ಬೇಡಿ ಆಸ್ಪತ್ರೆ, ಡಾಕ್ಟರುಗಳ ಬಳಿ ಹೋಗಿಬಂದಿದ್ದರು. ರೋಗವನ್ನು ಗುರುತಿಸದೆ, ಕೆಮ್ಮಿಗೊಂದು ಬಾಟಲಿ ಔಷಧಿ ಕೊಟ್ಟು ಅವರನ್ನು ಕಳಿಸಲಾಗಿತ್ತು. ಜನ ಬಂದರೂ ಎಣಿಕೆಗೆ ಸಿಗದಿದ್ದ ಕತೆ ಅದು. ಚರಂಡಿಯಾದರೋ ಆಸ್ಪತ್ರೆಗೆ ಬಾರದವನನ್ನೂ ಎಣಿಸುತ್ತದೆ, ಹೆಸರು ಕೇಳದೆ ಎಣಿಸುತ್ತದೆ. ಇಡೀ ಘಟಕದ ನೀರಿನಲ್ಲಿ ಯಾರ ಗುಟ್ಟೂ ಬಯಲಾಗುವುದಿಲ್ಲ. ಆದರೆ ಒಂದೇ ಕಟ್ಟಡದ, ಒಂದೇ ವಿದ್ಯಾರ್ಥಿನಿಲಯದ ಕೊಳವೆಗೆ ಬಾಟಲಿ ಹಿಡಿದರೆ ಆ ಮಾತು ನಿಲ್ಲದು. ಮೂರ್ ಅವರ ಬಟ್ಟೆಯ ಸುರುಳಿ ಮನೆಬಾಗಿಲವರೆಗೂ ಹೋಗಿತ್ತಲ್ಲವೆ?

ಎಣಿಕೆಗೆ ಸಿಗದವರು ಇಲ್ಲಿಯೂ ಇದ್ದಾರೆ. ಬೆಂಗಳೂರಿನ ದೊಡ್ಡ ಅಪಾರ್ಟ್‌ಮೆಂಟುಗಳು ತಮ್ಮ ಕೊಳಚೆ ನೀರನ್ನು ತಾವೇ ಶುದ್ಧಿಮಾಡಿಕೊಳ್ಳಬೇಕೆಂಬ ನಿಯಮವಿದೆ. ಹಾಗೆ ಮಾಡುವವರ ನೀರು ನಗರದ ಘಟಕಕ್ಕೆ ಬರುವುದೇ ಇಲ್ಲ. ಇನ್ನೊಂದು ತುದಿಯಲ್ಲಿ, ನಗರದ ಅಂಚಿನ ಹಳ್ಳಿಗಳಲ್ಲಿ, ಒಳಚರಂಡಿ ಇಲ್ಲದ ಮನೆಗಳಲ್ಲಿ, ಗುಂಡಿ ತುಂಬಿದಾಗ ಲಾರಿ ಬಂದು ಹೀರಿಕೊಂಡು ಹೋಗುತ್ತದೆ. ಇಲ್ಲವೆ ನೀರು ನೇರವಾಗಿ ರಾಜಕಾಲುವೆಗೆ ಬೀಳುತ್ತದೆ. ಅಂಥವರ ಸುದ್ದಿ ಬೇಕೆಂದರೆ ಮಾದರಿ ತೆಗೆಯುವವನು ಘಟಕದ ಗೇಟಿನ ಬಳಿ ನಿಂತರೆ ಸಾಲದು. ಕೈಗವಸು ತೊಟ್ಟು, ಹಗ್ಗಕ್ಕೆ ಬಕೆಟ್ ಕಟ್ಟಿಕೊಂಡು, ತೆರೆದ ಕಾಲುವೆಗಳ ಸೇತುವೆಯ ಮೇಲೆ ನಿಲ್ಲಬೇಕು. ಅಲ್ಲಿ ಮಳೆನೀರೂ ಕಾರ್ಖಾನೆಯ ನೀರೂ ಬಚ್ಚಲು ನೀರೂ ಒಂದಾಗಿ ಹರಿಯುತ್ತಿರುವುದರಿಂದ ಮೆಣಸಿನ ವೈರಸ್ಸಿನ ಅಳತೆ ಅಲ್ಲಿ ಇನ್ನಷ್ಟು ಬೇಕಾಗುತ್ತದೆ.